ಕಲ್ಲಿನಲ್ಲಿ ಕಂದ, ಕೊರಳಿನಲ್ಲಿ ಷಟ್ಪದಿ

ಕಂದಪದ್ಯಕ್ಕೆ 64 ಮಾತ್ರೆ, ಭಾಮಿನಿ ಷಟ್ಪದಿಗೆ 102, ಚಂಪಕಮಾಲೆಯ ಒಂದು ಪಾದಕ್ಕೆ 21 ಅಕ್ಷರ. ಕನ್ನಡ ಓದಿದ ಯಾರನ್ನೇ ಕೇಳಿ, ಛಂದಸ್ಸೆಂದರೆ ಲಘು ಗುರು ಗುರುತು ಹಾಕಿ, ಗಣ ಬಿಡಿಸಿ, ಪರೀಕ್ಷೆಯಲ್ಲಿ ಒಂದಷ್ಟು ಅಂಕ ಗಿಟ್ಟಿಸಿಕೊಳ್ಳುವ ಲೆಕ್ಕ. ಆ ಲೆಕ್ಕ ಮೊದಲು ಯಾರಿಗೆ ಬೇಕಾಗಿತ್ತು? ಯಾತಕ್ಕೆ ಬೇಕಾಗಿತ್ತು? ಈ ಪ್ರಶ್ನೆ ಕಟ್ಟಿಕೊಂಡು ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳನ್ನು ಸುತ್ತಿ ಬಂದೆ. ಜೊತೆಗೆ ಕನ್ನಡ ಮೇಷ್ಟ್ರಾಗಿ ನಿವೃತ್ತರಾದ ಹಿರಿಯ ಗೆಳೆಯರು. ಚೀಲದಲ್ಲಿ ಟಾರ್ಚು, ಮಂಡಕ್ಕಿ ಪೊಟ್ಟಣ, ನಾಗವರ್ಮನ ‘ಛಂದೋಂಬುಧಿ’ಯ ಹಳೆಯ ಪ್ರತಿ. ಹತ್ತನೇ ಶತಮಾನದ ಕೊನೆಯ ಹೊತ್ತಿಗೆ ನಾಗವರ್ಮ ಈ ಶಾಸ್ತ್ರವನ್ನು ತನ್ನ ಹೆಂಡತಿಗೆ ಹೇಳುವ ಹಾಗೆ ಬರೆದ. “ಹೆಂಡ್ತಿಗೆ ಹೇಳಿದ್ದು ಅಂದ್ಮೇಲೆ ಇದು ಬರೀ ಪಂಡಿತರ ಸೊತ್ತಲ್ಲ ಬಿಡಿ” ಎಂದು ಮೇಷ್ಟ್ರು ಬಸ್ಸು ಹತ್ತುವಾಗಲೇ ತೀರ್ಪು ಕೊಟ್ಟರು.

ಮೊದಲು ಹೋದದ್ದು ಚನ್ನಗಿರಿ ತಾಲ್ಲೂಕಿನ ಹಿರೇಕೋಗಲೂರಿಗೆ. ಅಡಿಕೆ ತೋಟಗಳ ನಡುವಿನ ಈ ಊರಿನಲ್ಲಿ 1931ರಲ್ಲಿ ಎಂ. ಚಿದಾನಂದಮೂರ್ತಿ ಹುಟ್ಟಿದರು. ‘ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ’ ಬರೆದು, ರಾಜರ ವಂಶಾವಳಿ ಹುಡುಕುವುದಕ್ಕಷ್ಟೇ ಬಳಸುತ್ತಿದ್ದ ಕಲ್ಲುಗಳಲ್ಲಿ ಜನರ ಬದುಕನ್ನು ಓದಿ ತೋರಿಸಿದವರು. ಊರಿನ ಕಟ್ಟೆಯ ಮೇಲೆ ಕೂತು ಮೇಷ್ಟ್ರು ಒಂದು ಸಂಗತಿ ನೆನಪಿಸಿದರು. ಬಿ.ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯಾ ಕರ್ನಾಟಿಕ’ದ ಏಳನೇ ಸಂಪುಟದಲ್ಲಿ ಚನ್ನಗಿರಿ, ಹೊನ್ನಾಳಿ ತಾಲ್ಲೂಕುಗಳ ಶಾಸನಗಳು ಸೇರಿವೆ. ನ್ಯಾಮತಿ ಆಗ ಹೊನ್ನಾಳಿಯೊಳಗೇ ಇತ್ತು. ಅಂದರೆ ಈ ದಾರಿಯುದ್ದಕ್ಕೂ ಕಲ್ಲಿನ ಮೇಲೆ ಪದ್ಯಗಳಿವೆ. ಎಂಟು ನೂರು ವರ್ಷ ಬಿಸಿಲು ಮಳೆ ತಿಂದ ಪದ್ಯಗಳು!

ಸಂತೇಬೆನ್ನೂರಿನ ಪುಷ್ಕರಣಿಯನ್ನು ಚಿತ್ರಗಳಲ್ಲಿ ನೋಡಿದ್ದೆ. ಚಿತ್ರ ಏನೂ ಹೇಳಿರಲಿಲ್ಲ. ಹದಿನಾರನೇ ಶತಮಾನದಲ್ಲಿ ಕೆಂಗ ಹನುಮಂತಪ್ಪ ನಾಯಕ ಕಟ್ಟಿಸಿದ ಈ ಕೊಳದ ನಡುವೆ ಅಂತಸ್ತಿನ ಮೇಲೆ ಅಂತಸ್ತಾಗಿ ವಸಂತ ಮಂಟಪ ಎದ್ದು ನಿಂತಿದೆ. ನಾಲ್ಕೂ ಕಡೆಯಿಂದ ಮೆಟ್ಟಿಲುಗಳು ಒಂದೇ ಅಳತೆಯಲ್ಲಿ ನೀರಿಗಿಳಿಯುತ್ತವೆ. ಗಾಳಿ ನಿಂತ ಹೊತ್ತಿನಲ್ಲಿ ಮಂಟಪ ನೀರೊಳಗೆ ತಲೆಕೆಳಗಾಗಿ ಇನ್ನೊಮ್ಮೆ ಕಟ್ಟಿಕೊಂಡಿತು. “ನೋಡಿ, ಯಮಕ!” ಎಂದರು ಮೇಷ್ಟ್ರು. ಅದೇ ಅಕ್ಷರಗುಚ್ಛ ಮತ್ತೆ ಬರಬೇಕು, ಆದರೆ ಅರ್ಥ ಬೇರೆಯಾಗಬೇಕು ಎಂಬುದು ಯಮಕದ ಲಕ್ಷಣ. ಮೇಲಿನ ಮಂಟಪ ಕಲ್ಲಿನದು, ಕೆಳಗಿನದು ಅಲೆ ಬಂದರೆ ಅಳಿಯುವಂಥದ್ದು. ಆಕಾರ ಒಂದೇ, ಇರವು ಬೇರೆ. ಎಷ್ಟೋ ಸಲ ಬಾಯಿಪಾಠ ಮಾಡಿದ್ದ ವ್ಯಾಖ್ಯೆ ಕಣ್ಣೆದುರು ನೀರಿನಲ್ಲಿ ತೇಲುತ್ತಿತ್ತು. ಪಕ್ಕದಲ್ಲಿ ಬಿಜಾಪುರದ ರಣದುಲ್ಲಾಖಾನನ ಹೆಸರು ಹೊತ್ತ ಮುಸಾಫಿರಖಾನೆ. ಪುಷ್ಕರಣಿಯೂ ಅದೂ ಒಂದಕ್ಕೊಂದು ಎದುರು ಕೂತು ಹರಟುತ್ತಿರುವಂತೆ ಕಂಡವು.

ಊರಿನಾಚೆಯ ಕಣದಲ್ಲಿ ಬೇಯಿಸಿದ ಅಡಿಕೆ ಹರವಿದ್ದರು. ಸುಲಿಯುವ ಕೆಲಸ ಈಗ ಬಹುಪಾಲು ಮೆಷಿನ್ನಿನದು. ಆದರೂ ಮೂಲೆಯಲ್ಲಿ ಕೆಲವು ಹೆಂಗಸರು ಕೂತಿದ್ದರು. ಬೀಸುವ ಪದ ಬರುತ್ತದೆಯೇ ಎಂದು ಕೇಳಿದ್ದಕ್ಕೆ ಒಬ್ಬ ಅಜ್ಜಿ ನಕ್ಕು, ಗಂಟಲು ಸರಿಮಾಡಿಕೊಂಡು ತ್ರಿಪದಿಯೊಂದನ್ನು ಎತ್ತಿದರು. ಪುಸ್ತಕದಲ್ಲಿ ತ್ರಿಪದಿಗೆ ಮೂರೇ ಸಾಲು, ಹನ್ನೊಂದು ಗಣ. ಅಜ್ಜಿಯ ಬಾಯಲ್ಲಿ ಅದು ನಾಲ್ಕಾಯಿತು. ಎರಡನೇ ಸಾಲಿನ ಬಾಲವನ್ನು ಹಿಡಿದು ಇನ್ನೊಮ್ಮೆ ಹಾಡಿ, ಆಮೇಲಷ್ಟೇ ಮೂರನೆಯದಕ್ಕೆ ದಾಟಿದರು. ಯಾಕಜ್ಜಿ ಎಂದರೆ, “ತಮ್ಮಾ, ಎಲ್ಡನೇದ್ನ ತಿರುವಿ ಹಾಡೋ ಹೊತ್ತಿಗೆ ಮುಂದಿಂದು ನೆಪ್ಪಾಕ್ಕತಿ” ಎಂದರು. ಬೀಸುವ ಕೈಗೆ ಬಿಡುವಿಲ್ಲ, ನೆನಪಿಗೆ ಮಾತ್ರ ಒಂದು ಉಸಿರಿನಷ್ಟು ಬಿಡುವು ಬೇಕು. ಪುನರಾವೃತ್ತಿ ಅಲಂಕಾರಕ್ಕಾಗಿ ಬಂದದ್ದೆಂದು ನಾವು ಟಿಪ್ಪಣಿ ಬರೆಯುತ್ತೇವೆ. ಅಜ್ಜಿಗೆ ಅದು ಮುಂದಿನ ಸಾಲಿಗೆ ಹಾಕಿದ ಮೆಟ್ಟಿಲು.

ಸೂಳೆಕೆರೆಯ ಏರಿಯ ಮೇಲೆ ನಿಂತಾಗ ಸಂಜೆ. ಎರಡು ಗುಡ್ಡಗಳ ನಡುವಿನ ಸಣ್ಣ ಏರಿ ಇಷ್ಟು ನೀರನ್ನು ಹೇಗೆ ತಡೆದು ನಿಲ್ಲಿಸಿತು ಎಂಬುದೇ ಬೆರಗು. ಶಾಂತಿಸಾಗರ ಎಂಬುದು ಇದರ ಇನ್ನೊಂದು ಹೆಸರು. ರಾಜಕುಮಾರಿ ಶಾಂತವ್ವ ಕೆರೆ ಕಟ್ಟಿಸಲು ಹೊರಟಾಗ, ಆ ಜಾಗದಲ್ಲಿದ್ದ ಸೂಳೆಯರು ಕೆರೆಗೆ ತಮ್ಮ ಹೆಸರಿಡಬೇಕೆಂಬ ಷರತ್ತಿನ ಮೇಲೆ ನೆಲ ಬಿಟ್ಟುಕೊಟ್ಟರೆಂದು ಐತಿಹ್ಯ. ಮಹಾಕಾವ್ಯದಲ್ಲಿ ಅಷ್ಟಾದಶ ವರ್ಣನೆ ಇರಬೇಕು ಎಂಬ ನಿಯಮ ನನಗೆ ಸದಾ ಅಂಗಡಿಯ ಸಾಮಾನು ಚೀಟಿಯಂತೆ ಕಂಡಿತ್ತು. ಏರಿಯ ಮೇಲೆ ಮೇಷ್ಟ್ರು ಬೆರಳು ಮಡಚುತ್ತಾ ಹೋದರು. ಪರ್ವತ ಇದೆ. ಸೂರ್ಯ ಮುಳುಗುತ್ತಿದ್ದಾನೆ, ಇನ್ನೊಂದು ಗಳಿಗೆಗೆ ಚಂದ್ರೋದಯ. ಋತು ಇದೆ. ಉದ್ಯಾನಕ್ಕೆ ಅಡಿಕೆ ತೋಟ. ಜಲಕ್ರೀಡೆಗೆ ಹಿನ್ನೀರಿನಲ್ಲಿ ಎಮ್ಮೆಗಳು, ಅವುಗಳ ಬೆನ್ನ ಮೇಲೆ ಹುಡುಗರು. ಪ್ರಯಾಣ ನಮ್ಮದೇ. ಕಡಲನ್ನೇ ಕಾಣದ ಒಳನಾಡಿನ ಕವಿ ಸಮುದ್ರವರ್ಣನೆಗೆ ಕೂತಾಗ ಇಂಥ ಕೆರೆಯನ್ನೇ ಕಣ್ಣಲ್ಲಿ ತುಂಬಿಕೊಂಡಿರಬೇಕು. ಹದಿನೆಂಟರ ಪಟ್ಟಿ ಕವಿಯ ಕೈ ಕಟ್ಟಲಿಕ್ಕಲ್ಲ, ಲೋಕದ ಯಾವ ಮೂಲೆಯೂ ಅವನ ಕಣ್ತಪ್ಪದಿರಲೆಂದು ಮಾಡಿದ್ದು ಎಂದು ಅಲ್ಲಿ ನಿಂತವರಿಗೆ ತಾನಾಗಿ ಹೊಳೆಯುತ್ತದೆ.

ಮರುದಿನ ಬಸವಾಪಟ್ಟಣದ ಮೇಲೆ ಹಾದು, ತುಂಗಭದ್ರೆಯ ಸೇತುವೆ ದಾಟಿ ಹೊನ್ನಾಳಿಗೆ ಬಂದೆವು. ಹಿರೇಕಲ್ಮಠದ ಊರು, ಎಚ್. ತಿಪ್ಪೇರುದ್ರಸ್ವಾಮಿಯವರ ಊರು. ಹೆಸರಿನ ಹಿಂದಿನ ‘ಎಚ್’ ಹೊನ್ನಾಳಿಯದೇ. 1928ರಲ್ಲಿ ಹುಟ್ಟಿದ ಅವರು ಶರಣರ ಅನುಭಾವ ಸಾಹಿತ್ಯದ ಮೇಲೆ ಸಂಶೋಧನೆ ಮಾಡಿದರು, ಅಲ್ಲಮಪ್ರಭುವನ್ನು ನಾಯಕನಾಗಿಸಿ ‘ಪರಿಪೂರ್ಣದೆಡೆಗೆ’ ಕಾದಂಬರಿ ಬರೆದರು, ‘ಕರ್ನಾಟಕ ಸಂಸ್ಕೃತಿ ಸಮೀಕ್ಷೆ’ಗೆ 1969ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು.

ವಚನ ನನ್ನ ಪ್ರಶ್ನೆಗೆ ಅಡ್ಡ ನಿಂತಿತು. ಅಲ್ಲಿ ಮಾತ್ರೆಯ ಲೆಕ್ಕವಿಲ್ಲ, ಪ್ರಾಸದ ಕಟ್ಟಿಲ್ಲ. ಹಾಗಿದ್ದೂ ಶತಮಾನಗಳ ಕಾಲ ಬಾಯಿಂದ ಬಾಯಿಗೆ ಬಂದದ್ದು ಹೇಗೆ? ಹೊಳೆದಂಡೆಯ ಮೆಟ್ಟಿಲ ಮೇಲೆ ಕೂತು ನಮಗೆ ಗೊತ್ತಿದ್ದ ವಚನಗಳನ್ನು ಒಂದೊಂದಾಗಿ ಹೇಳಿಕೊಂಡೆವು. ಆಗ ಕಿವಿಗೆ ಬಿದ್ದದ್ದು ಇದು: ವಾಕ್ಯಗಳು ಜೋಡಿಯಾಗಿ ನಡೆಯುತ್ತವೆ. ಒಂದೇ ಅಚ್ಚಿನ ಎರಡು, ಮೂರು ಮಾತು ಬರುತ್ತವೆ, ಆಮೇಲೆ ಅಚ್ಚು ಮುರಿಯುವ ಒಂದು ಮಾತು, ಕೊನೆಗೆ ಅಂಕಿತ. ಗುಹೇಶ್ವರ ಎಂದೊಡನೆ ಅಲ್ಲಮ, ಚನ್ನಮಲ್ಲಿಕಾರ್ಜುನ ಎಂದೊಡನೆ ಅಕ್ಕ. ಮಾತ್ರೆಯನ್ನು ಬಿಟ್ಟುಕೊಟ್ಟ ವಚನಕಾರರು ಉಸಿರಿನ ಅಳತೆಯನ್ನು ಬಿಟ್ಟುಕೊಡಲಿಲ್ಲ. ಬೆಡಗಿನ ವಚನಗಳಂತೂ ರೂಪಕದ ಗಂಟನ್ನು ಬಿಚ್ಚದೆ ಹಾಗೇ ಕೈಗಿಡುತ್ತವೆ. ಅರ್ಥವಾಗದೆ ಉಳಿದ ಒಗಟು ಮನಸ್ಸಿನಿಂದ ಬೇಗ ಹೋಗುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ನೆನಪಿಗೆ ಹಾಕುವ ಕೊಂಡಿಗಳು ಇಲ್ಲಿಯೂ ಇದ್ದವು, ಜಾತಿ ಬೇರೆ.

ನ್ಯಾಮತಿ 2018ರಲ್ಲಿ ಹೊನ್ನಾಳಿಯಿಂದ ಬೇರೆಯಾದ ತಾಲ್ಲೂಕು. ಅದರ ಬೆಳಗುತ್ತಿ ಹನ್ನೆರಡು, ಹದಿಮೂರನೇ ಶತಮಾನಗಳಲ್ಲಿ ಸಿಂದ ಅರಸರ ಒಂದು ಶಾಖೆಯ ರಾಜಧಾನಿ. ಹತ್ತಿರದ ಗುಡ್ಡದಲ್ಲಿ ತೀರ್ಥರಾಮೇಶ್ವರ, ಅಲ್ಲಿ ಎಡೆಬಿಡದೆ ಜಿನುಗುವ ನೀರು. ಈ ಕಡೆ ಶಾಸನದ ಕಲ್ಲುಗಳು ಗುಡಿಯ ಬದಿಯಲ್ಲಿ, ಬಯಲಿನಲ್ಲಿ ಸಿಗುತ್ತವೆ. ಅಂಥ ಒಂದು ಕಲ್ಲಿನ ಮುಂದೆ ನನ್ನ ಪ್ರಶ್ನೆಗೆ ಮೊದಲ ಸಲ ನೇರವಾದ ಉತ್ತರ ಸಿಕ್ಕಿತು.

ಕಲ್ಲಿನ ನೆತ್ತಿಯಲ್ಲಿ ಸೂರ್ಯ, ಚಂದ್ರ, ಲಿಂಗ, ಹಸು, ಕರು. ಕೆಳಗೆ ಅಂಚಿನಿಂದ ಅಂಚಿಗೆ ಅಕ್ಷರ. ಅಚ್ಚಿನ ಪುಸ್ತಕದಲ್ಲಿ ಪದ್ಯ ಕಂಡೊಡನೆ ಗುರುತು ಸಿಗುತ್ತದೆ, ಸಾಲು ಒಡೆದಿರುತ್ತದೆ, ಸುತ್ತ ಖಾಲಿ ಜಾಗವಿರುತ್ತದೆ. ಕಲ್ಲಿನಲ್ಲಿ ಆ ಸೌಕರ್ಯವಿಲ್ಲ. ಗದ್ಯ ಮುಗಿದದ್ದೂ ಪದ್ಯ ಶುರುವಾದದ್ದೂ ಕಣ್ಣಿಗೆ ಸುಲಭಕ್ಕೆ ಕಾಣುವುದಿಲ್ಲ. ಕಲ್ಲು ದುಬಾರಿ, ಕೆತ್ತುವ ಕೈಗೆ ಕೂಲಿ ಕೊಡಬೇಕು, ಪಾದ ಮುಗಿಯಿತೆಂದು ಜಾಗ ಬಿಡುವವರು ಯಾರು? ಮೇಷ್ಟ್ರು ಟಾರ್ಚನ್ನು ಓರೆಯಾಗಿ ಹಿಡಿದು ಬೆಳಕು ಅಕ್ಷರದ ಗುಳಿಗೆ ಬೀಳುವಂತೆ ಮಾಡಿ ಗಟ್ಟಿಯಾಗಿ ಓದುತ್ತಾ ಬಂದರು. ಓದು ಕುಂಟುತ್ತಿತ್ತು, ಇದ್ದಕ್ಕಿದ್ದಂತೆ ನಡೆಯತೊಡಗಿತು. ನಾಲ್ಕು, ನಾಲ್ಕು, ನಾಲ್ಕು ಮಾತ್ರೆ. ಹನ್ನೆರಡಕ್ಕೆ ಒಂದು ನಿಲುಗಡೆ, ಆಮೇಲೆ ಇಪ್ಪತ್ತಕ್ಕೆ ಇನ್ನೊಂದು. “ಕಂದ!” ಎಂದು ಕೂಗಿದರು. ಕಣ್ಣಿಗೆ ಕಾಣದ ಪದ್ಯವನ್ನು ಕಿವಿ ಹಿಡಿದಿತ್ತು.

ಮೂರನೇ ಪಾದದ ಹತ್ತಿರ ಕಲ್ಲು ಚಕ್ಕೆ ಎದ್ದಿತ್ತು. ಮೇಷ್ಟ್ರು ನಿಲ್ಲಲಿಲ್ಲ. ಹಿಂದಿನ ಪಾದಗಳ ಎರಡನೇ ಅಕ್ಷರದಲ್ಲಿ ರಕಾರ ಬಂದಿದೆ, ಆದ್ದರಿಂದ ಇಲ್ಲಿಯೂ ರಕಾರವೇ ಬರಬೇಕು. ಅದರ ಹಿಂದಿನ ಅಕ್ಷರ ಅಲ್ಲೆಲ್ಲ ದೀರ್ಘ, ಇಲ್ಲೂ ದೀರ್ಘವೇ. ಗಣಕ್ಕೆ ನಾಲ್ಕು ಮಾತ್ರೆ ತುಂಬಬೇಕು, ಎರಡು ಉಳಿದಿವೆ. ನೆಲದ ಮೇಲೆ ಕಡ್ಡಿಯಿಂದ ಗೀಚಿ, ಅಳಿಸಿ, ಅರ್ಥ ತಾಳೆ ನೋಡಿ, ಒಡೆದುಹೋದ ಮಾತನ್ನು ಊಹಿಸಿ ಕೂರಿಸಿದರು. ಶಾಸನ ಓದುವ ವಿದ್ವಾಂಸರು ಮಾಡುವ ಕೆಲಸವೂ ಇದೇ. ಗದ್ಯದ ನಡುವೆ ಅಕ್ಷರ ಒಡೆದರೆ ಎಷ್ಟು ಹೋಯಿತೆಂದು ಹೇಳುವುದೇ ಕಷ್ಟ. ಪದ್ಯ ಹಾಗಲ್ಲ, ತಾನು ಕಳಕೊಂಡದ್ದರ ಅಳತೆಯನ್ನು ಇಟ್ಟುಕೊಂಡಿರುತ್ತದೆ. ದ್ವಿತೀಯಾಕ್ಷರ ಪ್ರಾಸ ಕನ್ನಡಕ್ಕೆ ಬಿಡಲಾಗದ ನಿಯಮವಾದದ್ದು ಇಂಪಿಗೆ ಮಾತ್ರವೇ? ಆ ಕಲ್ಲಿನ ಎದುರು ನಿಂತ ನನಗೆ ಅದು ಕಾವಲಿನ ಏರ್ಪಾಟಿನಂತೆಯೇ ಕಂಡಿತು.

ದಾನಶಾಸನಗಳ ಕೊನೆಗೆ ಬರುವ ಶಾಪದ ಶ್ಲೋಕವನ್ನೂ ಅಲ್ಲಿ ನೆನೆದೆವು. ಕೊಟ್ಟ ಭೂಮಿಯನ್ನು ಕಿತ್ತುಕೊಂಡವನು 60,000 ವರ್ಷ ಹುಳುವಾಗಿ ಹುಟ್ಟುತ್ತಾನಂತೆ. ಅತಿಶಯೋಕ್ತಿಗೆ ಇದಕ್ಕಿಂತ ಉದಾಹರಣೆ ಬೇಕೆ? ಪೊಲೀಸು, ಕಚೇರಿ ಇಲ್ಲದ ಹೊಲದ ಬದುವಿನಲ್ಲಿ ಆ ಅಲಂಕಾರವೇ ಕಾನೂನಿನ ಕೆಲಸ ಮಾಡಿತು.

ನ್ಯಾಮತಿ ತಾಲ್ಲೂಕಿನಲ್ಲೇ ಸೂರಗೊಂಡನಕೊಪ್ಪ ಇದೆ. ಬಂಜಾರರ ಸಂತ ಸೇವಾಲಾಲ್ 1739ರಲ್ಲಿ ಹುಟ್ಟಿದ ಕ್ಷೇತ್ರ. ಫೆಬ್ರುವರಿಯ ಜಯಂತಿಗೆ ನಾನಾ ಕಡೆಯ ತಾಂಡಾಗಳಿಂದ ಜನ ಇಲ್ಲಿಗೆ ಹರಿದು ಬರುತ್ತಾರೆ. ನಾವು ಹೋದಾಗ ಜಾತ್ರೆಯ ಗದ್ದಲವಿರಲಿಲ್ಲ, ಆದರೂ ದರ್ಶನಕ್ಕೆ ಬಂದಿದ್ದ ಹೆಂಗಸರು ಕನ್ನಡಿ ಹೊಲಿದ ಉಡುಪಿನಲ್ಲಿ ಸುತ್ತು ಕಟ್ಟಿ ಹಾಡಿದರು. ಅವರ ಗೋರ್ ಬೋಲಿಯ ಒಂದು ಮಾತೂ ನನಗೆ ತಿಳಿಯದು. ಆದರೆ ಹಾಡು ತಿಳಿಯಿತು! ಒಬ್ಬಾಕೆ ಎತ್ತುತ್ತಾಳೆ, ಉಳಿದವರು ಮುಗಿಸುತ್ತಾರೆ. ಮುಗಿಸುವ ಮಾತು ಪ್ರತಿ ಸಲ ಅದೇ, ಎತ್ತುವ ಮಾತಿನಲ್ಲಿ ಒಂದೇ ಒಂದು ಪದ ಬದಲು. ಬಗ್ಗಿ ಏಳುವ ಹೆಜ್ಜೆ ಸಾಲಿನ ಕೊನೆಯನ್ನು ತೋರಿಸುತ್ತದೆ. ಮೂರನೇ ಸುತ್ತಿಗೆ ಎಲ್ಲಿ ಚಪ್ಪಾಳೆ ಬೀಳುತ್ತದೆಂದು ನನ್ನ ಕೈಗೆ ಗೊತ್ತಾಗಿತ್ತು. ಆ ಭಾಷೆಗೆ ಸ್ವಂತ ಲಿಪಿಯಿಲ್ಲ. ಲಿಪಿ ಮಾಡಬೇಕಾದ ಕೆಲಸವನ್ನು ಅವರ ಹೆಜ್ಜೆಯೂ ಪಲ್ಲವಿಯೂ ಮಾಡುತ್ತಿದ್ದವು. 1930ರ ದಶಕದಲ್ಲಿ ಮಿಲ್ಮನ್ ಪ್ಯಾರಿ ಎಂಬ ವಿದ್ವಾಂಸ ಯುಗೊಸ್ಲಾವಿಯದ ಹಳ್ಳಿ ಹಾಡುಗಾರರನ್ನು ಧ್ವನಿಮುದ್ರಿಸಿ, ಹೋಮರನ ಕಾವ್ಯದಲ್ಲಿ ಮತ್ತೆಮತ್ತೆ ಬರುವ ಸಿದ್ಧ ಮಾತುಗಳು ಛಂದಸ್ಸಿನ ಅಳತೆಗೆ ಒಗ್ಗಿಸಿಕೊಂಡ ಹಾಡುಗಾರನ ಬಂಡವಾಳ ಎಂಬ ವಾದಕ್ಕೆ ಆಧಾರ ಒದಗಿಸಿದ. ಅದನ್ನು ತೋರಿಸಲು ಅಷ್ಟು ದೂರ ಹೋಗಬೇಕಿರಲಿಲ್ಲ ಎನ್ನಿಸಿತು.

ಅಲ್ಲಿಂದ ಜಗಳೂರಿಗೆ ಹೋಗುವುದೆಂದರೆ ಹಸಿರಿನಿಂದ ಕೆಂಪಿಗೆ ಹೋಗುವುದು. ಅಡಿಕೆ, ಭತ್ತ ಹಿಂದುಳಿದು ಮೆಕ್ಕೆಜೋಳ, ಶೇಂಗಾದ ಮಳೆಯಾಶ್ರಿತ ಹೊಲಗಳು ಬರುತ್ತವೆ. ರಂಗಯ್ಯನದುರ್ಗದ ಕುರುಚಲು ಕಾಡು ಕೊಂಡುಕುರಿಗೆ, ನಾಲ್ಕು ಕೊಂಬಿನ ಆ ನಾಚಿಕೆಯ ಪ್ರಾಣಿಗೆ, ಮೀಸಲು. ಕನ್ನಡ ಛಂದಸ್ಸಿಗೂ ಒಂದು ಪ್ರಾಣಿಸಂಗ್ರಹವಿದೆ: ಸಿಂಹ, ಗಜ, ವೃಷಭ, ಅಜ, ಶರಭ, ಹಯ ಎಂಬ ಆರು ಪ್ರಾಸಗಳು. ಪ್ರಾಸಾಕ್ಷರದ ಹಿಂದೆ ಹ್ರಸ್ವವಿದ್ದರೆ ಸಿಂಹ, ದೀರ್ಘವಿದ್ದರೆ ಗಜ, ಅನುಸ್ವಾರವಿದ್ದರೆ ವೃಷಭ. ಬೆಳಗುತ್ತಿಯಲ್ಲಿ ನಮಗೆ ದಾರಿ ತೋರಿಸಿದ್ದು ಆನೆ ಎಂದು ಆಗ ಹೊಳೆದು ಇಬ್ಬರೂ ನಕ್ಕೆವು.

ಜಗಳೂರು ತಾಲ್ಲೂಕಿನ ಪಲ್ಲಾಗಟ್ಟೆಯನ್ನು ಹದಿನೇಳನೇ ಶತಮಾನದ ಕವಿ ಮಹಲಿಂಗರಂಗನ ಊರೆಂದು ಇಲ್ಲಿನವರು ಅಭಿಮಾನದಿಂದ ಹೇಳುತ್ತಾರೆ. ಅದ್ವೈತವನ್ನು ಭಾಮಿನಿ ಷಟ್ಪದಿಯಲ್ಲಿ ಹೇಳಿದ ‘ಅನುಭವಾಮೃತ’ ಅವನದು. ಕನ್ನಡ ಎಷ್ಟು ಸುಲಭವೆಂದು ಹೇಳಲು ಅವನು ಸಿಪ್ಪೆ ತೆಗೆದ ಬಾಳೆಹಣ್ಣಿನಿಂದ ಶುರುಮಾಡಿ ಒಂದರ ಹಿಂದೊಂದು ಹೋಲಿಕೆ ಕೊಡುತ್ತಾನೆ. ಲಾಕ್ಷಣಿಕರ ಪ್ರಕಾರ ಮಾಲೋಪಮೆ. ಬಿಸಿಲ ನಾಡಿನಲ್ಲಿ ಬಾಯಿಗೆ ತಂಪಾಗುವ ವಸ್ತುಗಳನ್ನೇ ಆರಿಸಿಕೊಂಡ ಕವಿಯ ಜಾಣತನ, ಅಲ್ಲಿ ನಡುಮಧ್ಯಾಹ್ನ ಬಾಯಾರಿ ನಿಂತವನಿಗೆ ಚೆನ್ನಾಗಿ ತಿಳಿಯುತ್ತದೆ.

ಆ ಕಡೆಯ ಒಬ್ಬ ಹಿರಿಯರು ಷಟ್ಪದಿ ಹೇಳುತ್ತಾರೆಂದು ಕೇಳಿ ಅವರ ಜಗುಲಿಗೆ ಹೋದೆವು. “ಬರ್ರಿ, ಕುಂದ್ರಿ” ಎಂದು ನೀರು ಕೊಟ್ಟು, ಕಣ್ಣು ಮುಚ್ಚಿ ಶುರುಮಾಡಿದರು. ಮೂರು ನಾಲ್ಕು, ಮೂರು ನಾಲ್ಕು. ಮೂರನೇ ಪಾದದ ನಡುವೆ ಒಂದು ಪದ ಕೈಕೊಟ್ಟಿತು. ಅವರು ತಡವರಿಸಲಿಲ್ಲ. ಆ ಪದದ ಜಾಗದಲ್ಲಿ ತೊಡೆ ತಟ್ಟಿ, ಗುನುಗಿ, ಲಯ ಬಿಡದೆ ಮುಂದೆ ಸಾಗಿ ಪದ್ಯ ಮುಗಿಸಿದರು. ಎರಡನೇ ಸಲ ಹೇಳುವಾಗ ಪದ ತಾನಾಗಿ ಬಂದು ತನ್ನ ಜಾಗದಲ್ಲಿ ಕೂತಿತು. “ಮಾತು ಮರ್ತಿದ್ದೆ, ಜಾಗ ಮರ್ತಿರ್ಲಿಲ್ಲ ನೋಡ್ರಿ” ಎಂದರು. ಕಲ್ಲಿನ ಎದುರು ಮೇಷ್ಟ್ರು ಕಡ್ಡಿ ಹಿಡಿದು ಮಾಡಿದ್ದನ್ನು ಇವರು ಬರೀ ತೊಡೆಯ ಮೇಲೆ ಮಾಡಿದ್ದರು.

ದಾವಣಗೆರೆಗೆ ಮರಳುವ ಬಸ್ಸಿನಲ್ಲಿ ಮೇಷ್ಟ್ರಿಗೆ ಹೊಸ ಹುರುಪು. ಪ್ರಸ್ತಾರ ಹಾಕಿ ಎಂಬ ಪ್ರಶ್ನೆಯನ್ನು ಕೈಬಿಟ್ಟು, ಪದ್ಯದ ಒಂದು ಪದ ಅಳಿಸಿ ಹುಡುಕಿ ಎನ್ನಬೇಕು ಅಂದರು. ಅಲ್ಲೇ ಪ್ರಯೋಗವೂ ಆಯಿತು. ಎದುರು ಸೀಟಿನ ಬಿ.ಎ. ವಿದ್ಯಾರ್ಥಿನಿಗೆ ನಡುಗನ್ನಡದ ಷಟ್ಪದಿಯೊಂದನ್ನು ಹಾಡಿ, ಒಂದು ಕಡೆ ಚಿಟಿಕೆ ಹೊಡೆದು ಜಾಗ ಬಿಟ್ಟರು. ಆಕೆ ಕಿಟಕಿಯ ಸರಳಿನ ಮೇಲೆ ಬೆರಳಾಡಿಸುತ್ತಾ ಮೂರು, ನಾಲ್ಕು ಎಣಿಸಿ ಒಂದು ಪದ ಹೇಳಿದಳು. ಮಾತ್ರೆ ಸರಿ, ಅರ್ಥ ಸರಿ, ಆದರೆ ಅದು ಕವಿಯ ಪದವಲ್ಲ. ಮೇಷ್ಟ್ರು ಆಕೆಯ ಪದವನ್ನೇ ಇಟ್ಟು ಇನ್ನೊಮ್ಮೆ ಹಾಡಿ ನೋಡಿದರು. ನಿಂತಿತು! “ಕವೀದು ಬೇರೆ ಐತಮ್ಮಾ, ಆದ್ರೆ ನಿಂದೂ ಕೂತ್ಕೊಂತು” ಎಂದರು. ಹಳೆಯ ಮಾತನ್ನು ಕಾಯಲೆಂದು ಇಟ್ಟ ಜಾಗದಲ್ಲೇ ಹೊಸ ಮಾತಿಗೂ ಎಡೆಯಿತ್ತು. “ಸರ್, ಇನ್ನೊಂದು ಪದ್ಯ ಹೇಳ್ರಿ” ಎಂದಳು ಹುಡುಗಿ. ದಾವಣಗೆರೆ ಇನ್ನೂ ದೂರವಿತ್ತು.