ಗುರಿ ತಪ್ಪಿದ ಚರೆ

ಬೇಟೆಗಾರನ ಗುರಿ ತಪ್ಪಿದರೆ ಹಕ್ಕಿ ಬದುಕಿತೆಂದು ಸಮಾಧಾನಪಡುವುದು ಸಹಜ. ಆದರೆ ಗುರಿ ತಪ್ಪಿದ ಗುಂಡೂ ಕೊಲ್ಲಬಲ್ಲದೆಂಬುದನ್ನು ಅಮೆರಿಕದ ಕಾಡುಬಾತುಗಳ ವೃತ್ತಾಂತವು ನನಗೆ ಮನದಟ್ಟು ಮಾಡಿಕೊಟ್ಟಿತು.

ಕೋವಿಯ ಒಂದು ತೋಟಾದಲ್ಲಿ ನೂರಕ್ಕೂ ಮಿಕ್ಕಿ ಸೀಸದ ಚರೆಗಳಿರುವುದುಂಟು. ಹಕ್ಕಿಗೆ ತಗಲುವವು ಕೆಲವೇ. ಉಳಿದವು ಸರೋವರ, ಜೌಗುಗಳ ಕೆಸರನ್ನು ಸೇರುತ್ತವೆ. ಹಲ್ಲಿಲ್ಲದ ಪಕ್ಷಿಗಳು ನುಂಗಿದ ಕಾಳನ್ನು ಅರೆಯಲೆಂದು ಸಣ್ಣ ಹರಳುಗಳನ್ನೂ ನುಂಗಿ, ಸ್ನಾಯುಮಯವಾದ ಹೊಟ್ಟೆಯಲ್ಲಿ ಇರಿಸಿಕೊಳ್ಳುತ್ತವೆ. ಈ ಪಾಠವನ್ನು ಮಕ್ಕಳಿಗೆ ಬೋಧಿಸುವಾಗಲೆಲ್ಲ ಸೃಷ್ಟಿಯ ಜಾಣ್ಮೆಗೆ ನಾನು ತಲೆದೂಗಿದ್ದೇನೆ. ಆ ಜಾಣ್ಮೆಯೇ ಬಾತಿಗೆ ಮೃತ್ಯುವಾಗುವುದು ಎಂಥ ವಿಪರ್ಯಾಸ! ಹರಳೆಂದೋ ಬೀಜವೆಂದೋ ನುಂಗಿದ ಚರೆಯು ಅಲ್ಲಿ ಸವೆದು, ಆಮ್ಲದಲ್ಲಿ ಕರಗಿ, ರಕ್ತವನ್ನು ಸೇರುತ್ತದೆ. ರೆಕ್ಕೆಗಳು ಜೋಲುತ್ತವೆ, ತಿಂದ ಆಹಾರ ಮುಂದೆ ಸಾಗದೆ, ಹೊಟ್ಟೆ ತುಂಬಿದ್ದರೂ ಹಕ್ಕಿ ಸೊರಗಿ ಸಾಯುತ್ತದೆ.

ಇದು ಯಾರೂ ಅರಿಯದ ಸಂಗತಿಯಾಗಿರಲಿಲ್ಲ. ಜಾರ್ಜ್ ಬರ್ಡ್ ಗ್ರಿನ್ನೆಲ್ ಅವರು 1894ರಲ್ಲಿಯೇ ಇದರ ಬಗ್ಗೆ ಬರೆದಿದ್ದರು. ಉತ್ತರ ಅಮೆರಿಕದ ಜಲಪಕ್ಷಿಗಳಲ್ಲಿ ಶೇಕಡಾ 2ರಿಂದ 3ರಷ್ಟು ಪ್ರತಿವರ್ಷ ಸೀಸದ ವಿಷದಿಂದ ಸಾಯುತ್ತವೆಂದು ಇಲಿನಾಯ್ ಸಂಸ್ಥಾನದ ವಿಜ್ಞಾನಿ ಫ್ರಾಂಕ್ ಬೆಲ್‌ರೋಸ್ 1959ರಲ್ಲಿ ಅಂದಾಜು ಮಾಡಿದರು. ಸೀಸಕ್ಕೆ ಬದಲಾಗಿ ಉಕ್ಕಿನ ಚರೆಯನ್ನು ಬಳಸಬಹುದಿತ್ತು. ಆದರೆ ಅದು ಕೋವಿಯ ನಳಿಗೆಯನ್ನು ಕೆಡಿಸುತ್ತದೆ, ಹಕ್ಕಿಯನ್ನು ಕೊಲ್ಲದೆ ಗಾಯಗೊಳಿಸುತ್ತದೆ ಎಂದು ಬೇಟೆಗಾರರಲ್ಲಿ ಅನೇಕರು ವಿರೋಧಿಸಿದರು.

ಕೊನೆಗೆ ಆ ದೇಶದ ಲಾಂಛನದಲ್ಲಿರುವ ಬಿಳಿದಲೆಯ ಹದ್ದುಗಳೂ ಸೀಸವಿದ್ದ ಬಾತುಗಳನ್ನು ತಿಂದು ಸಾಯತೊಡಗಿದವು. ಆಗ ಸರ್ಕಾರವು ಹಂತಹಂತವಾಗಿ ಹೆಜ್ಜೆಯಿಟ್ಟು, 1991ರಲ್ಲಿ ಜಲಪಕ್ಷಿಗಳ ಬೇಟೆಯಲ್ಲಿ ಸೀಸದ ಚರೆಯನ್ನು ದೇಶಾದ್ಯಂತ ನಿಷೇಧಿಸಿತು. ಮಿಸಿಸಿಪಿ ವಲಸೆಮಾರ್ಗದ ಮಲ್ಲಾರ್ಡ್ ಬಾತುಗಳಲ್ಲಿ ಸೀಸದಿಂದಾಗುವ ಸಾವು ಶೇಕಡಾ 64ರಷ್ಟು ತಗ್ಗಿತೆಂದು 2000ದಲ್ಲಿ ಪ್ರಕಟವಾದ ಅಧ್ಯಯನವೊಂದು ಅಂದಾಜಿಸಿತು. ಡೆನ್ಮಾರ್ಕ್ 1996ರಲ್ಲಿ ಸೀಸದ ಚರೆಯನ್ನು ಪೂರ್ತಿಯಾಗಿ ನಿಷೇಧಿಸಿತು. ಯೂರೋಪಿನ ಒಕ್ಕೂಟದ ಜೌಗುಭೂಮಿಗಳಲ್ಲಿ ನಿರ್ಬಂಧವು ಜಾರಿಗೆ ಬಂದದ್ದು 2023ರಲ್ಲಿ.

ಅಮೆರಿಕದಲ್ಲಿ ಅರಿವು ಆಚರಣೆಗೆ ಇಳಿಯಲು 97 ವರ್ಷ ಹಿಡಿಯಿತು. ಅಸಂಖ್ಯ ಬಾತುಗಳ ಸಾವು ಸಾಲದೆ, ಲಾಂಛನದ ಹದ್ದೂ ಸಾಯಬೇಕಾಯಿತೆಂಬುದು ನನ್ನನ್ನು ಬಹುವಾಗಿ ನೋಯಿಸುತ್ತದೆ. ಬೆಲೆಯುಳ್ಳ ಪ್ರಾಣ ಹೋದಾಗ ಮಾತ್ರ ಎಚ್ಚರಗೊಳ್ಳುವ ವಿವೇಕವನ್ನು ವಿವೇಕವೆನ್ನಲಾದೀತೆ? ಗುರಿಯಿಡುವುದನ್ನು ಕಲಿಸುವ ನಾವು, ಗುರಿ ತಪ್ಪಿದ್ದು ಎಲ್ಲಿ ಬಿದ್ದಿತೆಂದು ನೋಡುವುದನ್ನೂ ಮಕ್ಕಳಿಗೆ ಕಲಿಸಬೇಕು. ಏಕೆಂದರೆ ಕಾನೂನು ನಾಳೆಯ ಚರೆಯನ್ನು ತಡೆದೀತು. ನಿನ್ನೆ ಕೆಸರಿಗೆ ಬಿದ್ದುದನ್ನು ಅದು ಹೆಕ್ಕಿ ತೆಗೆಯಲಾರದು.