ಕೆವೈಸಿ ಕಾಕಾ

ಪುಣೆಗೆ ವರ್ಗವಾಗಿ ಬಂದದ್ದು 1998ರಲ್ಲಿ. ಮೂರು ವರ್ಷ ಇದ್ದು ಶಿವಮೊಗ್ಗ ಕಡೆಗೆ ವಾಪಸ್ ಹೋಗೋಣ ಅಂದುಕೊಂಡಿದ್ದವನು ಇಲ್ಲೇ ಬಿಬವೇವಾಡಿಯಲ್ಲಿ ಮನೆ ಮಾಡಿ ಬೇರು ಬಿಟ್ಟಿದ್ದೇನೆ. ನಮ್ಮ ಸೊಸೈಟಿಯ ಮಕ್ಕಳು ನನ್ನನ್ನು ಕರೆಯುವುದು "ಕೆವೈಸಿ ಕಾಕಾ" ಅಂತ. ಬ್ಯಾಂಕಿನವನು ಅಂತ ಹಾಗೆ ಕರೀತಾರೆ ಅಂದುಕೊಳ್ಳಬೇಡಿ, ಅದಕ್ಕೆ ಬೇರೆಯೇ ಕಥೆಯಿದೆ.

ಈ ಊರಿಗೂ ಸಾಂಕ್ರಾಮಿಕ ರೋಗಗಳಿಗೂ ಏನೋ ಹಳೇ ಲೇವಾದೇವಿ. ದೇಶದಲ್ಲಿ ಹಂದಿಜ್ವರದ ಮೊದಲ ಸಾವು ಆದದ್ದು ಇಲ್ಲೇ, 2009ರ ಆಗಸ್ಟ್ 3ರಂದು. ಮಹಾರಾಷ್ಟ್ರದ ಮೊದಲ ಕೊರೋನಾ ರೋಗಿಗಳು ಸಿಕ್ಕಿದ್ದೂ ಇಲ್ಲೇ, 2020ರ ಮಾರ್ಚ್ 9ರಂದು. ವೈರಸ್ ಪತ್ತೆ ಮಾಡುವ ಎನ್‌ಐವಿ ಇರುವುದೂ ಇಲ್ಲೇ. ನಮ್ಮ ಮಲೆನಾಡಿನವರ ಮೇಲೆ ಅದರ ಋಣ ಇದೆ ನೋಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದು ಜನಕ್ಕೂ ಜ್ವರ ಹತ್ತಿದಾಗ, ಆ ವೈರಸ್ಸನ್ನು ಗುರುತಿಸಿದ್ದು ಇದೇ ಸಂಸ್ಥೆ. ಆಗ ಅದರ ಹೆಸರು ವೈರಸ್ ರಿಸರ್ಚ್ ಸೆಂಟರ್. ಇವತ್ತಿಗೂ ಮಂಗ ಸತ್ತದ್ದನ್ನು ಕಂಡವರು ಆರೋಗ್ಯ ಇಲಾಖೆಗೆ ತಿಳಿಸಬೇಕು ಅಂತ ಊರಲ್ಲಿ ಹೇಳ್ತಾರೆ. ಲ್ಯಾಬು ಎಷ್ಟೇ ದೊಡ್ಡದಿರಲಿ, ಸೌದೆಗೆ ಹೋದವನು ಬಂದು ಬಾಯಿ ಬಿಡದಿದ್ದರೆ ಅದಕ್ಕೆ ಗೊತ್ತಾಗುವುದಾದರೂ ಹೇಗೆ?

2020ರ ಸೆಪ್ಟೆಂಬರ್ 15ರಿಂದ ಸರ್ಕಾರ "ಮಾಝೇ ಕುಟುಂಬ್, ಮಾಝೀ ಜಬಾಬ್ದಾರಿ" ಅಂತ ಮನೆಮನೆ ತಪಾಸಣೆ ಶುರು ಮಾಡಿತು. ಒಬ್ಬ ಆರೋಗ್ಯ ಕಾರ್ಯಕರ್ತೆ, ಜೊತೆಗೆ ಇಬ್ಬರು ಸ್ವಯಂಸೇವಕರು. ರಜಾದಿನಗಳಲ್ಲಿ ನಾನೂ ಸೇರಿಕೊಂಡೆ. "ವಾರವಿಡೀ ಕೌಂಟರಿನಲ್ಲಿ ಜನರ ಮುಂದೆ ಕೂತದ್ದು ಸಾಲದಾ?" ಅಂತ ಮನೆಯಾಕೆ ಎರಡು ದಿನ ಮಾತು ಬಿಟ್ಟಳು.

ಗುಡ್ಡದ ಕಡೆಯ ಒಂದು ಗಲ್ಲಿ. ಬಾಗಿಲು ಅರ್ಧ ತೆರೆದ ಹೆಂಗಸು ಮರಾಠಿಯಲ್ಲಿ "ನಮ್ಮಲ್ಲಿ ಯಾರಿಗೂ ಏನಿಲ್ಲ" ಅಂದವಳೇ ಮುಚ್ಚಿಕೊಂಡಳು. ಒಳಗೆ ಯಾರೋ "ಯಾರ್ ಬೇ ಅದು?" ಅಂದದ್ದು ಕೇಳಿಸಿತು. ಕನ್ನಡ! "ಯಾವೂರಮ್ಮ ನಿಮ್ದು?" ಅಂದೆ. ಬಾಗಿಲು ಮತ್ತೆ ತೆರೆಯಿತು.

"ಇಂಡಿ ತಾಲ್ಲೂಕ್ರಿ... ನೀವು ನಮ್ಮ ಕಡೀಯವ್ರೇನ್ರಿ?"

ನಾನು ಸಾಗರದವನು, ಇಂಡಿಗೂ ನಮಗೂ ಎಲ್ಲಿಂದೆಲ್ಲಿ! ಆದರೂ ಹೌದು ಅಂದೆ. ಮೂಲೆಯಲ್ಲಿ ಅತ್ತೆ ಮಲಗಿದ್ದರು. ಬೆರಳಿಗೆ ಆಕ್ಸಿಮೀಟರ್ ಸಿಕ್ಕಿಸಿದರೆ 89. 95ಕ್ಕಿಂತ ಕಡಿಮೆ ಇದ್ದವರನ್ನು ಆಸ್ಪತ್ರೆಗೆ ಕಳಿಸಬೇಕು. "ಒಯ್ದ್ರ ಹೆಣಾನೂ ಕೊಡಂಗಿಲ್ಲಂತರಿ" ಅಂತ ಸೊಸೆ ಅಳತೊಡಗಿದಳು.

ಅವಳ ಭಯ ಈ ಊರಿಗೆ ಹೊಸದೇನಲ್ಲ. 1897ರ ಪ್ಲೇಗಿನಲ್ಲಿ ರ‍್ಯಾಂಡ್ ಎಂಬ ಅಧಿಕಾರಿಯ ಸೋಲ್ಜರುಗಳು ಮನೆಗಳಿಗೆ ನುಗ್ಗಿ ತಪಾಸಣೆ ಮಾಡಿದಾಗಲೂ ಜನ ರೋಗಿಗಳನ್ನು ಅಡಗಿಸಿಟ್ಟರು. ಅದೇ ವರ್ಷ ಸಾವಿತ್ರಿಬಾಯಿ ಫುಲೆ ರೋಗಿಗಳನ್ನು ಮಗನ ಚಿಕಿತ್ಸಾಲಯಕ್ಕೆ ಕರೆತಂದು ಆರೈಕೆ ಮಾಡುತ್ತಾ, ತಮಗೇ ಪ್ಲೇಗ್ ತಗುಲಿ ಮಾರ್ಚ್ 10ರಂದು ತೀರಿಕೊಂಡರು. ಅವರ ಜೊತೆ ಹೋಗಲು ಜನ ಹೆದರಿರಲಿಕ್ಕಿಲ್ಲ ಅಂತ ನನ್ನ ಊಹೆ.

ಆಂಬುಲೆನ್ಸ್ ಬಂತು. ನಾನು ಸ್ಕೂಟರಿನಲ್ಲಿ ಹಿಂದೆ ಹೋಗಿ, ಫಾರಂ ತುಂಬಿಸಿ, ನನ್ನ ಮೊಬೈಲ್ ನಂಬರ್ ಬರೆಸಿದೆ. ಹನ್ನೊಂದು ದಿನ ನನಗೇ ಫೋನ್ ಬರುತ್ತಿತ್ತು. ಪ್ರತಿ ಸಲ ರಿಂಗಾದಾಗಲೂ ಎದೆ ಧಸಕ್ಕೆನ್ನುತ್ತಿತ್ತು. ಹನ್ನೆರಡನೇ ದಿನ ಅಜ್ಜಿ ಮನೆಗೆ ಬಂದರು.

ಆಮೇಲೆ ನಾನೊಂದು ರಿಜಿಸ್ಟರ್ ಶುರು ಮಾಡಿದೆ. ಒಂಟಿ ವೃದ್ಧರು ಯಾರು, ಡಯಾಲಿಸಿಸ್ ಯಾರಿಗೆ, ಇನ್ಸುಲಿನ್ ಯಾರಿಗೆ, ಮನೆಮಾತು ಯಾವುದು, ಊರಿನಲ್ಲಿ ಯಾರಿಗೆ ತಿಳಿಸಬೇಕು, ರಾತ್ರಿ ಎರಡಕ್ಕೆ ಕಾರು ತೆಗೆಯುವವರು ಯಾರು... ಮಳೆಗಾಲಕ್ಕೆ ಮುಂಚೆ, ಡೆಂಗಿ ಸೊಳ್ಳೆ ಏಳುವ ಮೊದಲು, ವರ್ಷಕ್ಕೊಮ್ಮೆ ಮನೆಮನೆಗೆ ಹೋಗಿ ತಿದ್ದುತ್ತೇನೆ. ಅದಕ್ಕೇ ಕೆವೈಸಿ ಕಾಕಾ! ಕಾಗದದಲ್ಲೇ ಬರೆದು ಬೀರುವಿನಲ್ಲಿ ಬೀಗ ಹಾಕಿಡುತ್ತೇನೆ. ವಾಟ್ಸಾಪಿಗೆ ಹಾಕಿ ಅಂದವರಿಗೆ ಆಗೋಲ್ಲ ಅಂದಿದ್ದೇನೆ, ಜನರ ಕಾಯಿಲೆ ಫಾರ್ವರ್ಡ್ ಮಾಡುವ ಮಾಲಲ್ಲ. ಒಬ್ಬ ನಿವೃತ್ತರಂತೂ ಪ್ರತಿ ವರ್ಷ ಚಹಾ ಕೊಟ್ಟು, ಏನೂ ಹೇಳದೆ ಕಳಿಸುತ್ತಾರೆ. ಇರಲಿ, ಚಹಾ ಚೆನ್ನಾಗಿರುತ್ತದೆ.

2025ರ ಜನವರಿಯಲ್ಲಿ ಸಿಂಹಗಡ ರಸ್ತೆಯ ಕಡೆ ಜಿಬಿಎಸ್ ಕಾಣಿಸಿಕೊಂಡಿತು. ಕಾಲು ಜೋಮು ಹಿಡಿದು ಶಕ್ತಿ ಕುಂದಿ, ಕೆಲವರಿಗೆ ವೆಂಟಿಲೇಟರೇ ಬೇಕಾಗುವ ಕಾಯಿಲೆ. ನೀರಿನ ಮೇಲೆ ಅನುಮಾನ. ನಮ್ಮದರಿಂದ ಬಹಳ ದೂರವೇನಿಲ್ಲ. ರಿಜಿಸ್ಟರ್ ತೆಗೆದು ಒಬ್ಬೊಬ್ಬರಿಗೂ ಫೋನ್ ಮಾಡಿದೆ: ನೀರು ಕುದಿಸಿ ಕುಡೀರಿ, ಕಾಲಿನಲ್ಲಿ ಬಲ ಇಲ್ಲ ಅನ್ನಿಸಿದರೆ ಬೆಳಗಾಗುವ ತನಕ ಕಾಯಬೇಡಿ.

ಇಂಡಿಯ ಸೊಸೆಗೂ ಮಾಡಿದೆ. "ಎಲ್ಲಾರಿಗೂ ಹೇಳೀನ್ರಿ ಆಗ್ಲೇ" ಅಂದಳು. ಆ ಭಾನುವಾರ ಹೋದಾಗ ಗೋಡೆಯ ಕನ್ನಡ ಕ್ಯಾಲೆಂಡರ್ ತಿರುಗಿಸಿ ತೋರಿಸಿದಳು. ಹಿಂದಿನ ಬಿಳಿ ಹಾಳೆಯಲ್ಲಿ ಅವಳ ಮಗ ಬರೆದ ಪಟ್ಟಿ, ಗಲ್ಲಿಯ ಹದಿನೇಳು ಮನೆ. ಕೊನೆಗೆ ಹದಿನೆಂಟನೆಯದು: "ಬ್ಯಾಂಕಿನ ಸಾಹೇಬ್ರು. ಬಿ.ಪಿ. ಐತಿ."