ಅಂಕೆಗಳ ಗಡಿಯಲ್ಲಿ

ನಮ್ಮ ಶಾಲೆಯು ಐವತ್ತು ವರ್ಷಗಳನ್ನು ಪೂರೈಸಿ ಸುವರ್ಣ ಮಹೋತ್ಸವವನ್ನು ಆಚರಿಸುತ್ತಿರುವುದು ನಮಗೆಲ್ಲ ಅಭಿಮಾನದ ಸಂಗತಿ. ಸ್ಮರಣ ಸಂಚಿಕೆಗಾಗಿ ನನ್ನ ವೃತ್ತಿಯ ಕುರಿತು ಬರೆಯಬೇಕೆಂದು ಸಂಪಾದಕ ಮಂಡಳಿಯವರು ಅಪ್ಪಣೆ ಮಾಡಿದ್ದಾರೆ. ಕಂಪ್ಯೂಟರಿನ ಸ್ಮೃತಿಕೋಶದೊಡನೆ ನೇರವಾಗಿ ವ್ಯವಹರಿಸುವ ಪ್ರೋಗ್ರಾಮುಗಳನ್ನು ಬರೆಯುವುದು ನನ್ನ ಉದ್ಯೋಗ. ಈ ಉದ್ಯೋಗದ ಒಂದು ಮುಖ್ಯ ಪಾಠವನ್ನು ಅಕ್ಕಲಕೋಟೆ ಸೀಮೆಯ ಕನ್ನಡ ಮಕ್ಕಳು ಎರಡನೆಯ ಇಯತ್ತೆಯಲ್ಲಿಯೇ ಕಲಿತಿರುತ್ತಾರೆ ಎಂದರೆ ಅತಿಶಯೋಕ್ತಿಯಲ್ಲ.

ಮನೆಯಲ್ಲಿ ನಾವು ‘ಇಪ್ಪತ್ತೈದು’ ಎನ್ನುತ್ತೇವೆ. ಇಪ್ಪತ್ತು ಮೊದಲು, ಐದು ಅನಂತರ. ಸಂತೆಗೆ ಹೋದರೆ ಅದೇ ಸಂಖ್ಯೆ ಮರಾಠಿಯಲ್ಲಿ ‘ಪಂಚವೀಸ’. ಐದು ಮೊದಲು, ಇಪ್ಪತ್ತು ಅನಂತರ. ‘ಪಂಚವೀಸ’ ಎಂಬುದನ್ನು ಕೇಳಿ ಪಾಟಿಯ ಮೇಲೆ 52 ಎಂದು ಬರೆಯುವ ಮಕ್ಕಳು ಪ್ರತಿ ವರ್ಷವೂ ಇರುತ್ತಿದ್ದರು. ನಮ್ಮ ಲೆಕ್ಕದ ಗುರುಗಳು ಅವರನ್ನು ಗದರಿಸುತ್ತಿರಲಿಲ್ಲ. ‘ಯಾವ ಭಾಷಾದಾಗ ಹೇಳ್ಯಾರ, ಅದನ್ನ ಮೊದಲ ತಿಳಕೋ ತಮ್ಮಾ’ ಎನ್ನುತ್ತಿದ್ದರು. 2019ರಲ್ಲಿ ಮಹಾರಾಷ್ಟ್ರದ ಎರಡನೆಯ ಇಯತ್ತೆಯ ಗಣಿತ ಪುಸ್ತಕವು ‘ವೀಸ ಏಕ’ ಎಂಬ ರೀತಿಯನ್ನು ತಂದಾಗ ಎದ್ದ ಚರ್ಚೆ ಓದುಗರಿಗೆ ನೆನಪಿರಬಹುದು.

ಕಂಪ್ಯೂಟರುಗಳಲ್ಲಿಯೂ ಇದೇ ಭೇದವುಂಟು. ಸ್ಮೃತಿಕೋಶವೆಂದರೆ ಸಾಲಾಗಿ ನಂಬರು ಹಚ್ಚಿದ ಸಣ್ಣ ಖಾನೆಗಳು. ‘ಬೈಟ್’ ಎನಿಸುವ ಒಂದೊಂದು ಖಾನೆಯಲ್ಲಿ 0ಯಿಂದ 255ರವರೆಗಿನ ಒಂದು ಸಂಖ್ಯೆ ಹಿಡಿಸುತ್ತದೆ. ದೊಡ್ಡ ಸಂಖ್ಯೆಗಳಿಗೆ ಎರಡು, ನಾಲ್ಕು ಅಥವಾ ಎಂಟು ಖಾನೆಗಳು ಬೇಕು. ಆಗ ದೊಡ್ಡ ಸ್ಥಾನದ ಬೈಟನ್ನು ಮೊದಲು ಇಡಬೇಕೋ, ಚಿಕ್ಕ ಸ್ಥಾನದ್ದನ್ನೋ? 1964ರ ಐಬಿಎಂ ಸಿಸ್ಟಂ 360 ದೊಡ್ಡದನ್ನು ಮೊದಲಿಟ್ಟಿತು. ನಮ್ಮ ಮೇಜಿನ ಮೇಲಿನ ಇಂಟೆಲ್ ಯಂತ್ರಗಳು ಚಿಕ್ಕದನ್ನು ಮೊದಲಿಡುತ್ತವೆ. 1980ರಲ್ಲಿ ಡ್ಯಾನಿ ಕೋಹೆನ್ ಎಂಬ ವಿಜ್ಞಾನಿಯು ಈ ಎರಡು ಪಂಗಡಗಳಿಗೆ ‘ಬಿಗ್ ಎಂಡಿಯನ್’, ‘ಲಿಟಲ್ ಎಂಡಿಯನ್’ ಎಂಬ ಹೆಸರುಗಳನ್ನು ಬಳಸಿದರು. ಮೊಟ್ಟೆಯನ್ನು ಯಾವ ತುದಿಯಿಂದ ಒಡೆಯಬೇಕೆಂದು ಕಾದಾಡಿದ, ಜೊನಾಥನ್ ಸ್ವಿಫ್ಟನ ಕಥೆಯ ಜನರಿಂದ ಬಂದ ಹೆಸರುಗಳವು.

ಯಂತ್ರವು ತನ್ನಷ್ಟಕ್ಕೆ ತಾನಿರುವವರೆಗೆ ಯಾವ ಕ್ರಮವಾದರೂ ಸರಿಯೇ. ತೊಡಕು ಹುಟ್ಟುವುದು ಗಡಿಯಲ್ಲಿ. ನಾನು ಹಿಂದೆ ದುಡಿದ ಒಂದೆಡೆ ತೂಕದ ಯಂತ್ರವು 25 ಕಿಲೋವನ್ನು 0, 25 ಎಂಬ ಎರಡು ಬೈಟುಗಳಾಗಿ ಕಳುಹಿಸುತ್ತಿತ್ತು. ಹೊಸದಾಗಿ ತಂದ ಕಂಪ್ಯೂಟರು ಅದನ್ನು ಹಿಂದುಮುಂದಾಗಿ ಓದಿ, 25ನ್ನು 256ರಿಂದ ಗುಣಿಸಿ, 6400 ಎಂದು ದಾಖಲಿಸಿತು. ಯಾವ ಎಚ್ಚರಿಕೆಯೂ ಬರಲಿಲ್ಲ. 6400 ಕೂಡ ಸಂಖ್ಯೆಯೇ ತಾನೆ? ಲೆಕ್ಕಕ್ಕೂ ಗೋದಾಮಿನ ದಾಸ್ತಾನಿಗೂ ತಾಳೆಯಾಗದಿದ್ದಾಗ ಸಂಶಯ ಬಿದ್ದದ್ದು ತೂಕ ಹಾಕುವ ಬಡ ಕಾರ್ಮಿಕನ ಮೇಲೆ. ಬೈಟುಗಳನ್ನು ಒಂದೊಂದಾಗಿ ಬರೆದು ತೋರಿಸಿದ ಮೇಲೆಯೇ ಆತ ನಿರಪರಾಧಿಯೆಂದು ಹಿರಿಯರು ಒಪ್ಪಿದರು.

ಕ್ರಮದಂತೆ ನೆಲೆಯೂ ಮುಖ್ಯ. ನಾಲ್ಕು ಬೈಟಿನ ಸಂಖ್ಯೆಯನ್ನು ನಾಲ್ಕರಿಂದ ಭಾಗವಾಗುವ ನಂಬರಿನ ಖಾನೆಯಿಂದ ಆರಂಭಿಸುವುದು ವಾಡಿಕೆ. ಆದ್ದರಿಂದ ಒಂದು ಬೈಟಿನ ಅಕ್ಷರದ ಬೆನ್ನಿಗೆ ಅಂಥ ಸಂಖ್ಯೆ ಬಂದರೆ ನಡುವೆ ಮೂರು ಖಾನೆಗಳನ್ನು ಖಾಲಿ ಬಿಡಲಾಗುತ್ತದೆ. ಐದು ಬೈಟಿನ ಸಾಮಗ್ರಿ ಎಂಟನ್ನು ಆಕ್ರಮಿಸುತ್ತದೆ. ಈ ತೆರಪನ್ನು ಅರಿಯದೆ ಓದಿದರೆ ಸಂಖ್ಯೆ ಹುಸಿಯಾಗುತ್ತದೆ. ಸ್ಪಾರ್ಕ್‌ನಂಥ ಸಂಸ್ಕಾರಕದಲ್ಲಂತೂ ನೆಲೆ ತಪ್ಪಿದ ಸಂಖ್ಯೆಯನ್ನು ಓದಹೊರಟ ಪ್ರೋಗ್ರಾಮು ಸಾಮಾನ್ಯವಾಗಿ ಅಲ್ಲಿಯೇ ನಿಂತುಬಿಡುತ್ತದೆ.

ನಮ್ಮ ಕನ್ನಡಾಕ್ಷರಗಳಿಗೂ ಈ ಅಪಾಯ ತಪ್ಪಿದ್ದಲ್ಲ. ಯುನಿಕೋಡಿನ 16 ಬಿಟ್ ರೂಪದಲ್ಲಿ ‘ಅ’ ಎಂದರೆ 12, 133 ಎಂಬ ಎರಡು ಬೈಟುಗಳು. ತಿರುವಿ ಓದಿದರೆ ಅದು ಚೀನೀ ಲಿಪಿಯ ಅಕ್ಷರವಾಗಿಬಿಡುತ್ತದೆ! ಇದನ್ನು ತಡೆಯಲು ಬರಹದ ಆರಂಭದಲ್ಲಿ 254, 255 ಎಂಬ ಗುರುತನ್ನು ಇಡುವುದುಂಟು. ಅದು 255, 254 ಎಂದು ಕಂಡರೆ ಕ್ರಮ ತಿರುವಾಗಿದೆ ಎಂದರ್ಥ. ಯಾವ ಭಾಷೆಯಲ್ಲಿ ಹೇಳಿದ್ದಾರೆ ಎಂದು ಮೊದಲು ತಿಳಿಯಬೇಕೆಂಬ ಗುರುಗಳ ಮಾತೂ ಇದೇ ಅಲ್ಲವೆ?

ಇಂಟರ್‌ನೆಟ್ಟಿನ ನಿಯಮಗಳನ್ನು ರೂಪಿಸಿದವರು ಯಾವ ಪಂಗಡಕ್ಕೂ ತನ್ನ ಕ್ರಮವನ್ನು ಬಿಡೆಂದು ಹೇಳಲಿಲ್ಲ. ಮನೆಯೊಳಗೆ ಅವರವರ ಪದ್ಧತಿ. ಹೊರಗೆ ಕಳುಹಿಸುವಾಗ ಮಾತ್ರ ದೊಡ್ಡ ಸ್ಥಾನದ ಬೈಟು ಮೊದಲು. ಹೊಸ್ತಿಲಲ್ಲಿ ಬದಲಾಯಿಸಿಕೊಂಡರಾಯಿತು. ಗಡಿನಾಡಿನ ಕನ್ನಡಿಗರಾದ ನಾವೂ ಬಾಳಿದ್ದು ಹಾಗೆಯೇ. ಮರಾಠಿಯನ್ನು ಪ್ರೀತಿಯಿಂದ ಕಲಿತೆವು, ಕನ್ನಡವನ್ನು ಬಿಡಲಿಲ್ಲ.  ಈ ವಿದ್ಯಾಮಂದಿರದಲ್ಲಿ ಇನ್ನೂ ಅನೇಕ ತಲೆಮಾರಿನ ಮಕ್ಕಳು ‘ಇಪ್ಪತ್ತೈದು’ ಎಂದು ಎಣಿಸುತ್ತಿರಲಿ, ಶಾಲೆಯು ಶತಮಾನೋತ್ಸವವನ್ನು ಕಾಣಲಿ ಎಂದು ಹಾರೈಸುತ್ತೇನೆ.